ನಮ್ಮ ಬೀದಿಗೆ ನಾನು ಹೆಂಡತಿಯಾದದ್ದು

ನನ್ನ ಗಂಡ ತಾಂಜಾನಿಯಾದವನು. ಓದಲೆಂದು ಬೆಂಗಳೂರಿಗೆ ಬಂದು, ಬಿಟಿಎಂ ಲೇಔಟಿನ ಒಂದು ಕೋಣೆಯಲ್ಲಿ ಜಮಖಂಡಿಯ ಹುಡುಗರ ಜೊತೆ ಇದ್ದ. ಹಾಗಾಗಿ ಅವನು ಕಲಿತದ್ದು ಜಮಖಂಡಿಯ ಕನ್ನಡ. ಎಂ.ಕಾಂ. ತರಗತಿಯಲ್ಲಿ ಹಿಂದಿನ ಬೆಂಚಿನಿಂದ "ಅಕ್ಕಾರ, ಒಂದ್ ಪೆನ್ನಿದ್ರ ಕೊಡ್ರಿ" ಎಂಬ ದನಿ ಬಂದಾಗ ನಾನು ತಿರುಗಿ ನೋಡಿ, ಅವನನ್ನು ದಾಟಿ ಅವನ ಹಿಂದೆ ಕೂತವನ ಕೈಗೆ ಪೆನ್ನು ಕೊಟ್ಟಿದ್ದೆ. ಅಕ್ಕ ಎಂದು ಕರೆದವನನ್ನೇ ಮದುವೆಯಾದೆ ಎಂದು ಗೆಳತಿಯರು ಇವತ್ತಿಗೂ ಆಡಿಕೊಳ್ಳುತ್ತಾರೆ.

ನಮ್ಮದು ಹಳೆಯ ಬಿಳೇಕಹಳ್ಳಿ. ಸುತ್ತ ಅಪಾರ್ಟ್‌ಮೆಂಟು ಏಳುವ ಮೊದಲಿನಿಂದಲೂ ಅಲ್ಲಿರುವವರು. ತಾತನ ಕಾಲದಲ್ಲೇ ಬೌದ್ಧರಾದವರು. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಿಂದ ನಿವೃತ್ತರು. ನಾನು ವಿಷಯ ಹೇಳಿದಾಗ ಅಪ್ಪ ಬಹಳ ಹೊತ್ತು ಫ್ಯಾನು ನೋಡುತ್ತಾ ಕೂತರು. ನಮ್ಮ ಜಾತಿ ಯಾವುದೆಂದು ಊರೆಲ್ಲ ಕೇಳುತ್ತಿದ್ದುದರಿಂದ ಬೇಸತ್ತಿದ್ದ ಅವರು, ತಾವು ಮಾತ್ರ ಯಾರನ್ನೂ ಅದನ್ನು ಕೇಳುವುದಿಲ್ಲ ಎಂದು ಶಪಥ ಮಾಡಿದ್ದರು. ಆದರೆ ಹೆಣ್ಣು ಹೆತ್ತವರು ಏನಾದರೂ ಕೇಳಲೇಬೇಕಲ್ಲ. ಕೊನೆಗೆ, "ವೀಸಾ ಎಲ್ಲಿವರೆಗಿದೆ?" ಎಂದರು.

ಸರಿಯಾದ ಪ್ರಶ್ನೆಯೇ. ಅವನದು ವಿದ್ಯಾರ್ಥಿ ವೀಸಾ. ಓದು ಮುಗಿದರೆ ಅದೂ ಮುಗಿಯುತ್ತಿತ್ತು. ಮದುವೆಯಾದ ಮೇಲೆ ಅದನ್ನು ಗಂಡನ ವೀಸಾ ಮಾಡಿಸಬೇಕಿತ್ತು.

ರಿಜಿಸ್ಟ್ರಾರ್ ಮುಂದೆ ಸಹಿ ಹಾಕಿ, ವಿಹಾರದಲ್ಲಿ ಬುದ್ಧವಂದನೆ ಮಾಡಿ, ಹೋಳಿಗೆ ಊಟ ಹಾಕಿಸಿ ಮದುವೆಯಾದೆವು. ಎಲ್ಲರೂ ಬಿಳಿ ಬಟ್ಟೆ. ನಮ್ಮ ಮನೆಯವರಿಗೆ ಫೋಟೊ ಎಂದರೆ ಗಂಭೀರವಾದ ವಿಷಯ. ಕ್ಯಾಮೆರಾ ಕಂಡರೆ ಯಾರೂ ಹಲ್ಲು ಬಿಡುವುದಿಲ್ಲ. ಅರ್ಜಿಯ ಜೊತೆ ಮದುವೆಯ ಫೋಟೊ ಕೊಡಬೇಕೆಂದು ತಿಳಿದಾಗ ಅವನ್ನೆಲ್ಲ ತೆಗೆದುಕೊಂಡು ಜಯನಗರ ನಾಲ್ಕನೇ ಬ್ಲಾಕಿನ ಒಬ್ಬ ವೀಸಾ ಏಜೆಂಟರ ಬಳಿ ಹೋದೆವು. ಅವರು ಕನ್ನಡಕ ಏರಿಸಿ ಒಂದೊಂದೇ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ಮನೇಲಿ ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲ ಸಾರ್. ಅದು ಮದುವೆ."

"ಇವ್ರು ಅಳ್ತಿದಾರೆ."

"ಅದು ನಮ್ಮಪ್ಪ. ಬಿಸಿಲು ಹೊಡೀತಿತ್ತು ಸಾರ್."

ಅವರು ಮತ್ತೆ ಹುಡುಕಿದರು. ಊಟದ ಪಂಕ್ತಿಯಲ್ಲಿ ನನ್ನ ಗಂಡ ಬಾಯಿ ತುಂಬ ಹೋಳಿಗೆ ತುಂಬಿಕೊಂಡಿದ್ದು, ನಾನು ಅವನ ಅಂಗಿಯ ಮೇಲೆ ಚೆಲ್ಲಿದ ತುಪ್ಪವನ್ನು ಸಿಟ್ಟಿನಿಂದ ಒರೆಸುತ್ತಿದ್ದ ಒಂದು ಫೋಟೊ ಸಿಕ್ಕಿತು. "ಇದು ನೋಡಿ ಸಂಸಾರ! ಇದನ್ನ ಹಾಕೋಣ" ಎಂದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಸ್ಟೇಟ್ ಗವರ್ನಮೆಂಟ್ ಪ್ರಕಾರ ನೀವು ಈಗ ಹಸ್ಬೆಂಡು. ಸೆಂಟ್ರಲ್ ಪ್ರಕಾರ ಇನ್ನೂ ಸ್ಟೂಡೆಂಟು. ಎರಡೂ ಒಂದಾಗೋವರ್ಗೂ ಸ್ವಲ್ಪ ತಡ್ಕೊಳ್ಳಿ" ಎಂದರು. ಏನನ್ನು ತಡೆದುಕೊಳ್ಳಬೇಕು ಎಂದು ಹೇಳಲಿಲ್ಲ.

ಅಷ್ಟರಲ್ಲಿ ನಾವು ಕತ್ರಿಗುಪ್ಪೆಯಲ್ಲಿ ಮನೆ ಮಾಡಿದ್ದೆವು, ಮೊದಲ ಮಹಡಿ. ಮಾಲೀಕರು ಮೈಸೂರಿನಲ್ಲಿರುವವರು; ಅವರ ಜೊತೆ ಮಾತಾಡಿ ಮನೆ ಹಿಡಿದುಕೊಟ್ಟವರು ಅಪ್ಪ. ನಾನು ಜಯನಗರದ ಒಂದು ಆಡಿಟ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬೀದಿ ಏಳುವ ಮೊದಲೇ ಹೊರಟರೆ, ಮನೆಮನೆಯ ಟಿವಿಯಲ್ಲಿ ಧಾರಾವಾಹಿಯ ಅತ್ತೆಯರು ಕೂಗಾಡುವ ಹೊತ್ತಿಗೆ ವಾಪಸು. ಅವನಿಗೆ ಪರೀಕ್ಷೆ ಮುಗಿದಿತ್ತು, ಕೆಲಸ ಮಾಡಲು ಅನುಮತಿ ಇರಲಿಲ್ಲ. ಹಗಲೆಲ್ಲ ಮನೆಯಲ್ಲೇ ಇರುತ್ತಿದ್ದ.

ಒಂದು ದಿನ ಮಧ್ಯಾಹ್ನ ಠಾಣೆಯಿಂದ ಕಾನ್‌ಸ್ಟೇಬಲ್ ಒಬ್ಬರು ವೀಸಾ ಅರ್ಜಿಯ ಪರಿಶೀಲನೆಗೆ ಬಂದರಂತೆ. ವಿದೇಶಿಯನ ಮನೆ, ಇಂಗ್ಲಿಷಿನಲ್ಲಿ ಮಾತಾಡಬೇಕಾದೀತು ಎಂದು ಅವರು ಮೆಟ್ಟಿಲ ಮೇಲೇ ಒಂದೆರಡು ವಾಕ್ಯ ಬಾಯಿಪಾಠ ಮಾಡಿಕೊಳ್ಳುತ್ತಿದ್ದರಂತೆ. ಬಾಗಿಲು ತೆರೆದವನು, "ಬರ್ರಿ ಸರ, ಒಳಗ ಬರ್ರಿ. ಬಿಸಿಲಾಗ ಬಂದೀರಿ, ಮೊದಲ ನೀರು ಕುಡೀರಿ" ಎಂದ.

ಕಾನ್‌ಸ್ಟೇಬಲ್ಲರು ಹಾಗೇ ನಿಂತುಬಿಟ್ಟರಂತೆ. ಅವರ ಊರು ಜಮಖಂಡಿಯ ಪಕ್ಕದ ಮುಧೋಳ.

ಆಮೇಲೆ ಇಬ್ಬರೂ ಸೇರಿ ಚಹಾ ಕುಡಿದು, ಬೆಂಗಳೂರಿನವರಿಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಶೇಂಗಾ ಚಟ್ನಿಯಲ್ಲಿ ಇವರು ಬೆಳ್ಳುಳ್ಳಿಯನ್ನೇ ಹಾಕುವುದಿಲ್ಲ ಎಂದು ಬಹಳ ಹೊತ್ತು ವ್ಯಥೆಪಟ್ಟರಂತೆ. ಹೊರಡುವಾಗ ಅವರಿಗೆ ಬಂದ ಕೆಲಸ ನೆನಪಾಯಿತು. "ಅಲ್ರೀ, ನಿಮ್ಮ ಮನಿಯವ್ರು ಎಲ್ಲಿ?"

"ಆಫೀಸಿಗೆ ಹೋಗ್ಯಾಳ್ರಿ."

ನಿಯಮದ ಪ್ರಕಾರ ಅಕ್ಕಪಕ್ಕದಲ್ಲೂ ವಿಚಾರಿಸಬೇಕು. ಕೆಳಗಿನ ಮನೆಯ ಆಂಟಿಯನ್ನು ಕೇಳಿದರು. ಆಂಟಿ, "ಮೇಲ್ಗಡೆ ಹುಡುಗನಾ? ಬಂಗಾರದಂಥವನು ಸಾರ್. ದಿನಾ ನೀರಿನ ಮೋಟ್ರು ಹಾಕೋದು ಅವನೇ. ನಂಗೆ ಮಂಡಿ ನೋವು ಅಂತ ಹಾಲೂ ತಂದ್ಕೊಡ್ತಾನೆ" ಎಂದರು.

"ಹೆಂಡತಿ?"

"ಹೆಂಡ್ತಿನಾ? ಅವ್ನಿಗೆ ಮದ್ವೆ ಎಲ್ಲಾಗಿದೆ? ಯಾರೋ ಟ್ಯೂಷನ್ ಮೇಡಂ ಬಂದು ಹೋಗ್ತಾರೆ. ದಪ್ಪ ಬ್ಯಾಗ್ ಹಾಕ್ಕೊಂಡು."

ಎದುರಿಗೆ ಸೊಪ್ಪಿನ ಗಾಡಿಯ ಅಕ್ಕನನ್ನು ಕೇಳಿದರೆ, ಹೆಂಡತಿ ಇದ್ದಾಳೆಂದು ಕೇಳಿದ್ದಾಳಂತೆ, ಕಣ್ಣಲ್ಲಿ ನೋಡಿಲ್ಲವಂತೆ: ಹುಡುಗ ಒಬ್ಬನೇ ಸೊಪ್ಪು ಕೊಳ್ಳುತ್ತಾನೆ, ಪಾಪ.

ಹೀಗೆ, ಸಮುದ್ರ ದಾಟಿ ಬಂದ ನನ್ನ ಗಂಡ ಕತ್ರಿಗುಪ್ಪೆಯ ಖಾಯಂ ನಿವಾಸಿ ಎಂದು ಸಂಶಯಕ್ಕೆ ಎಡೆಯಿಲ್ಲದೆ ಸಾಬೀತಾಯಿತು. ಮೂರು ತಲೆಮಾರಿನಿಂದ ಬೆಂಗಳೂರಿನವಳಾದ ನಾನು ಅಲ್ಲಿ ಇದ್ದೇನೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಠಾಣೆಗೆ ಕರೆ ಬಂತು. ಕಾನ್‌ಸ್ಟೇಬಲ್ಲರು ನನಗೆ ಕುರ್ಚಿ ಕೊಟ್ಟು, ನಿಜವಾದ ಸಂಕಟದಿಂದಲೇ ಹೇಳಿದರು. "ತಂಗಿ, ನಂಗ ನಿಮ್ಮ ಮನಿಯವ್ರ ಮ್ಯಾಲ ಒಂಚೂರೂ ಅನುಮಾನ ಇಲ್ಲ. ನಿಮ್ಮ ಮ್ಯಾಲೇ ಅದ. ಗಂಡ ಹೆಂಡ್ತಿ ಕೂಡಿ ಇದ್ದಾರ ಅಂತ ಬರೀಬೇಕು. ಅಂವ ಇದ್ದಾನ. ನೀವು ಇದ್ದೀರೇನು?"

"ಇದೀನಿ ಸಾರ್. ದಿನಾ ಮನೆಗೆ ಬರ್ತೀನಿ."

"ಯಾರು ನೋಡ್ಯಾರ?"

ಆಧಾರ್ ಕಾರ್ಡ್ ತೋರಿಸಿದೆ. ಅದರಲ್ಲಿ ಬಿಳೇಕಹಳ್ಳಿಯ ವಿಳಾಸವಿತ್ತು. ಅವರು ಅದನ್ನು ನೋಡಿ ಮತ್ತಷ್ಟು ಬೇಸರಪಟ್ಟರು. ಕೊನೆಗೆ ಅಣ್ಣನ ಹಾಗೆ ಬುದ್ಧಿ ಹೇಳಿದರು: "ಒಂದ್ ವಾರ ರಜಾ ಹಾಕ್ರಿ. ಓಣ್ಯಾಗ ಅಡ್ಡಾಡ್ರಿ. ಮಂದಿ ನೋಡ್ಲಿ. ನಾ ಮತ್ತ ಬರ್ತೀನಿ."

ಆಫೀಸಿನಲ್ಲಿ ರಜೆಯ ಕಾರಣ ಕೇಳಿದರು. ಬೀದಿಯಲ್ಲಿ ಓಡಾಡಲು ಎಂದು ಹೇಳಲಾಗದೆ, ಜ್ವರ ಎಂದೆ.

ಮರುದಿನದಿಂದ ನಾನು ನನ್ನದೇ ಬೀದಿಯಲ್ಲಿ ಕಾಣಿಸಿಕೊಳ್ಳಲು ಶುರುಮಾಡಿದೆ. ಹೆಂಡತಿಯ ಹಾಗೆ ಕಾಣಬೇಕೆಂದು ಅಮ್ಮ ಫೋನಿನಲ್ಲೇ ಹೇಳಿಕೊಟ್ಟಿದ್ದರು: ಬಾಗಿಲ ಮುಂದೆ ರಂಗೋಲಿ ಹಾಕು, ಬಟ್ಟೆ ಒಣಹಾಕು, ಗಂಡನ ಅಂಗಿ ಎಲ್ಲರಿಗೂ ಕಾಣುವ ಹಾಗೆ ಕೊಡವು. ನಾನು ಅಂಗಿ ಕೊಡವುತ್ತಿದ್ದರೆ ಕೆಳಗಿನ ಆಂಟಿ ತಲೆಯೆತ್ತಿ, "ಟ್ಯೂಷನ್ ಮುಗೀತಾ ಮೇಡಂ? ಪಾಸಾಗ್ತಾನಾ?" ಎಂದರು. ಹೆಂಡತಿ ಎಂದು ಹೇಳಿಕೊಂಡರೆ, "ಹೌದಾ! ತಮಾಷೆ ಮಾಡ್ತೀರಾ" ಎಂದು ನಕ್ಕು ಒಳಗೆ ಹೋದರು. ಸಂಜೆ ಇಬ್ಬರೂ ಕೈ ಹಿಡಿದು ಬೀದಿಯ ಆ ತುದಿಗೂ ಈ ತುದಿಗೂ ನಡೆದೆವು. ಅವನನ್ನು ಎಲ್ಲರೂ ನಿಲ್ಲಿಸಿ ಮಾತಾಡಿಸುವವರೇ. ಇಸ್ತ್ರಿ ಅಂಗಡಿಯ ಅಂಕಲ್ ಅವನ ಅಮ್ಮನ ರಕ್ತದೊತ್ತಡ ವಿಚಾರಿಸಿದರು. ನನ್ನನ್ನು ನೋಡಿ, "ಊರಿಂದ ಬಂದಿದಾರಾ?" ಎಂದು ಕೇಳಿದರು. ನನಗೆ ನಗು ಬಂತು. ಈ ಊರಿನಲ್ಲಿ ದಾರಿ ಕೇಳಿದವರಿಗೆ ದಾರಿ ಹೇಳುತ್ತಾ ಬೆಳೆದವಳು ನಾನು.

ರಜೆ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ದಂಟಿನ ಸೊಪ್ಪು ಕೊಳ್ಳಲು ನಾನೊಬ್ಬಳೇ ಇಳಿದೆ. ಗಾಡಿಯ ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಓ, ಹೆಂಡ್ತಿ ನೀನೇನಾ! ಹುಡುಗ ಎಲ್ಲಾ ಹೇಳಿದಾನೆ ಬಿಡು. ಬದನೆಕಾಯಿ ಆಗಲ್ವಂತೆ ನಿಂಗೆ. ಬಿಸಿಬೇಳೆಬಾತ್ ಸೀದು ಹೋಯ್ತು ಅಂತ ಅಡುಗೆಮನೇಲಿ ಕೂತ್ಕೊಂಡು ಅತ್ಬಿಟ್ಯಂತೆ?"

ಹಿಂತಿರುಗುವಾಗ ಗೇಟಿನ ಹತ್ತಿರ ಅವನು ಎದುರಾದ. ನನಗೆ ತಡೆಯಲಾಗಲಿಲ್ಲ.

"ನಾನು ಅತ್ತಿದ್ದನ್ನ ಸೊಪ್ಪಿನವಳಿಗೆ ಯಾಕೆ ಹೇಳ್ದೆ?"

"ಆಕಿ ಕೇಳಿದ್ಲು, ಹೇಳ್ದೆ."

"ಕೇಳಿದ್ರೆ ಎಲ್ಲಾ ಹೇಳ್ಬಿಡೋದಾ? ನಂಗೆ ಮಾನ ಮರ್ಯಾದೆ ಇಲ್ವಾ?"

"ಮತ್ತ ಯಾರ ಮುಂದ ಮಾತಾಡ್ಲಿ ನಾ? ನೀ ಇರ್ತೀಯೇನು? ಲಾಡ್ಜಿಗೆ ಬಂದಂಗ ಬರ್ತಿ, ಮಕ್ಕೋತಿ, ಎದ್ದು ಹೋಗ್ತಿ!"

"ನಾನೂ ಮನೇಲಿ ಕೂತ್ರೆ ಬಾಡಿಗೆ ಕಟ್ಟೋರು ಯಾರು?"

ಅವನು ಕೂಗಿದ. ಅವನು ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ನಾ ದುಡೀತೀನಿ ಅಂದ್ರ ಬಿಡ್ತಾರೇನು? ಓದಬಹುದು, ಕುಂದರಬಹುದು, ಸೊಪ್ಪು ಸೋಸಬಹುದು! ಇಷ್ಟೇ ನನಗ ಪರವಾನಗಿ ಇರೂದು!"

ನಾನು ಸೊಪ್ಪಿನ ಕಟ್ಟನ್ನು ಕಾಂಪೌಂಡ್ ಗೋಡೆಗೆ ಬೀಸಿ ಎಸೆದೆ. ಕಟ್ಟು ಬಿಚ್ಚಿಕೊಂಡು ಆಂಟಿಯ ತುಳಸಿಕಟ್ಟೆಯವರೆಗೂ ಹರಡಿತು. ಆಗ ನೋಡಿದರೆ ಪ್ರತಿ ಗೇಟಿನಲ್ಲೂ ಒಬ್ಬೊಬ್ಬರು. ಇಸ್ತ್ರಿಯ ಅಂಕಲ್ ಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದರು.

ಇಬ್ಬರೂ ಬಗ್ಗಿ ಸೊಪ್ಪು ಆರಿಸಿಕೊಂಡು ಮೇಲೆ ಬಂದೆವು. ಅವನು ಪೇಪರು ಹಾಸಿ ಸೊಪ್ಪು ಸೋಸಲು ಕೂತ. ನಾನೂ ಎದುರು ಕೂತೆ. ಅವನ ಬೆರಳು ಎಷ್ಟು ಪಳಗಿವೆ ಎಂದು ಅವತ್ತೇ ನೋಡಿದ್ದು. ದಂಟನ್ನು ಹೇಗೆ ಮುರಿದರೆ ನಾರು ಸಲೀಸಾಗಿ ಬರುತ್ತದೆಂದು ಅವನು ನನಗೆ ತೋರಿಸಿಕೊಟ್ಟ. "ತಪ್ಪಾತು, ಇನ್ನ ಹೇಳಂಗಿಲ್ಲ" ಎಂದ. "ಹೇಳು, ಪರವಾಗಿಲ್ಲ. ಅತ್ತಿದ್ದು ಮಾತ್ರ ಬೇಡ" ಎಂದೆ.

ಕಾನ್‌ಸ್ಟೇಬಲ್ಲರು ಎರಡನೇ ಸಲ ಬಂದಾಗ ನಾನು ಮನೆಯಲ್ಲೇ ಇದ್ದೆ. ಅವರು ಕೇಳುವ ಮೊದಲೇ ಕೆಳಗಿನ ಆಂಟಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಗಂಡ ಹೆಂಡ್ತೀನೇ ಸಾರ್, ನಂದು ಗ್ಯಾರಂಟಿ. ಗೇಟ್ ಹತ್ರ ಆಡಿದ ಜಗಳ ನೀವು ನೋಡ್ಬೇಕಿತ್ತು. ಮದ್ವೆ ಆಗ್ದೇ ಇರೋರು ಹಂಗೆ ಆಡಲ್ಲ. ನಮ್ಮನೆಯವ್ರು, ನಾನು, ಥೇಟ್ ಹಂಗೇ."

ಕಾನ್‌ಸ್ಟೇಬಲ್ಲರು ಖುಷಿಯಾಗಿ ಬರೆದುಕೊಳ್ಳತೊಡಗಿದರು. ನಡುವೆ ಪೆನ್ನು ನಿಲ್ಲಿಸಿ, "ಜಗಳ ಅಂತ ಬರಿಯಾಕ ಬರೂದಿಲ್ಲ. 'ಅನ್ಯೋನ್ಯವಾಗಿ ವಾಸಿಸುತ್ತಿರುವುದು ಕಂಡುಬಂದಿದೆ' ಅಂತ ಹಾಕ್ತೀನಿ. ನಡೀತದಲ್ಲ?" ಎಂದು ನನ್ನನ್ನೇ ಕೇಳಿದರು. ನಡೆಯುತ್ತದೆ ಎಂದೆ.

ವೀಸಾ ಈಮೇಲಿನಲ್ಲಿ ಬಂತು. ಆವತ್ತು ಸಂಜೆ ಅಪ್ಪ ಮೈಸೂರುಪಾಕು ಹಿಡಿದುಕೊಂಡು ಕತ್ರಿಗುಪ್ಪೆಗೆ ಬಂದರು. ಅವರ ಎದುರೇ ನನ್ನ ಗಂಡ ತನ್ನ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ. ಸ್ವಾಹಿಲಿಯಲ್ಲಿ ಏನೇನೋ ವಿವರಿಸಿದ. ಅತ್ತೆ ಗಂಭೀರವಾಗಿ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರು. ಅವನು ಮುಖ ಮುಚ್ಚಿಕೊಂಡು ನಗತೊಡಗಿದ.

"ಏನಂತೆ?" ಎಂದರು ಅಪ್ಪ.

"ಇಷ್ಟು ದಿನ ವಿದ್ಯಾರ್ಥಿ ಇದ್ದಿ, ಈಗ ಸರಕಾರ ನಿನಗ ಗಂಡ ಅಂತ ಹುದ್ದೆ ಕೊಟ್ಟದ. ಚಲೋ ಆತು. ಪಗಾರ ಎಷ್ಟು, ಅಂತ ಕೇಳ್ತಾಳ್ರಿ."

ಅಪ್ಪ ನಗಲಿಲ್ಲ. ಫೋನು ಇಸಿದುಕೊಂಡು, ಕ್ಯಾಮೆರಾ ಕಂಡಾಗ ಮಾಡುವ ಅದೇ ಗಂಭೀರ ಮುಖ ಮಾಡಿ, ಕಾರ್ಖಾನೆಯ ಇಂಗ್ಲಿಷಿನಲ್ಲಿ, "ನೋ ಸ್ಯಾಲರಿ, ಸಿಸ್ಟರ್. ಓನ್ಲಿ ಓವರ್‌ಟೈಮ್" ಎಂದರು. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಅವರು ತಲೆದೂಗಿ, ಬಹಳ ಹೊತ್ತು ಅಪ್ಪನಿಗೆ ಏನೋ ಹೇಳಿದರು. ಅಪ್ಪ ಒಂದಕ್ಷರವೂ ಅರ್ಥವಾಗದೆ "ಎಸ್, ಎಸ್" ಎನ್ನುತ್ತಾ ಕೇಳುತ್ತಿದ್ದರು. ಏನೆಂದು ಆಮೇಲೆ ಗಂಡನನ್ನು ಕೇಳಿದೆ. ಮುಂದಿನ ವರ್ಷ ತಾನು ಬೆಂಗಳೂರಿಗೆ ಬಂದು ಮೂರು ತಿಂಗಳು ಇರುತ್ತೇನೆ, ಅದಕ್ಕೆ ಬೇಕಾದ ವೀಸಾ ನೀವೇ ಮಾಡಿಸಿಕೊಡಬೇಕು ಎಂದರಂತೆ. ಅಪ್ಪ ಒಪ್ಪಿಕೊಂಡಿದ್ದರು.