ಕೆಂಪು ಹೊಲದ ಮಂದೆ

ಆಗೆಲ್ಲ ಮಳೆ ಮೋಡ ಕಟ್ಟಿತೆಂದರೆ ನಾವು ಮಕ್ಕಳು ಕುಣಿಯುತ್ತಿದ್ದೆವು, ಅವ್ವ ಬೈಯುತ್ತಿದ್ದಳು. ನಿಟ್ಟೂರಿನ ಆಚೆ, ನಮ್ಮ ರಾಗಿ ಹೊಲದ ನೆತ್ತಿಗೇ, ಗಣಿಯವರು ಸುರಿದುಹೋದ ಮಣ್ಣಿನ ಗುಡ್ಡೆಯಿತ್ತು. ಗಣಿ ನಿಂತಿತ್ತು, ಗುಡ್ಡೆ ಮಾತ್ರ ನಿಲ್ಲುತ್ತಿರಲಿಲ್ಲ. ಪ್ರತಿ ಮಳೆಗೂ ಕೆಂಪು ಕೆಸರಾಗಿ ಹೊಲಕ್ಕೆ ಇಳಿಯುತ್ತಿತ್ತು. ನಮಗೋ ಅದು ಜಾರುಬಂಡೆ. ಖಾಲಿ ಗೊಬ್ಬರದ ಚೀಲದ ಮೇಲೆ ಕೂತು ತುದಿಯಿಂದ ಜಾರಿದರೆ ಲಂಗ ಕೆಂಪು, ಹಲ್ಲೂ ಕೆಂಪು. ಮೈಯೆಲ್ಲ ಒದ್ದೆ ಕಬ್ಬಿಣದ ವಾಸನೆ.

ಗಣಿಯವರು ಹೋಗುವ ಮುಂಚೆ ಗುಡ್ಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಸಮ ಮಾಡಿ, ಬದು ಹಾಕಿ, ಸಸಿಯನ್ನೂ ನೆಟ್ಟಿದ್ದರು. ಬೇಸಿಗೆ ಬರುವಷ್ಟರಲ್ಲಿ ಅವು ಒಣಕಡ್ಡಿ.

"ಇನ್ನೊಂದು ಮಳೆಗಾಲ ಹಿಂಗೇ ಆದ್ರೆ ಈ ಹೊಲ ಮರೆತುಬುಡಿ" ಎಂದ ಅಪ್ಪ.

ಅವ್ವ ಅಷ್ಟು ಸುಲಭಕ್ಕೆ ಮರೆಯುವವಳಲ್ಲ. ಆ ಬೇಸಿಗೆ ಮನೆಮಂದಿಯನ್ನೆಲ್ಲ ಎಳೆದೊಯ್ದು ಹೊಲದ ಮೇಲಿನ ಕೆಂಪು ಮಣ್ಣನ್ನು ಕೆರೆಸಿದಳು. ಅಡಿಯ ಕಪ್ಪು ಮಣ್ಣು ಕಂಡ ದಿನ ಹೆಸರುಬೇಳೆ ಪಾಯಸ ಮಾಡಿದಳು. ಇನ್ನು ಕುರಿ ಮಂದೆ ಹಾಕಿಸುವುದೊಂದು ಬಾಕಿ. ಕೆಲವು ರಾತ್ರಿ ಕುರಿಗಳನ್ನು ಹೊಲದಲ್ಲೇ ಕೂಡಿಹಾಕಿಸಿದರೆ ಬೀಳುವ ಗೊಬ್ಬರಕ್ಕೆ ಸಮ ಯಾವುದೂ ಇಲ್ಲ.

ಪ್ರತಿ ಬೇಸಿಗೆ ಸಿರಾ ಕಡೆಯಿಂದ ಕುರಿ ಹೊಡೆದುಕೊಂಡು ಬರುತ್ತಿದ್ದ ಚಿಕ್ಕಣ್ಣ ಗುಬ್ಬಿ ರಸ್ತೆಯಲ್ಲಿ ಅಪ್ಪನಿಗೆ ಸಿಕ್ಕ. "ಗಣಿ ಪಕ್ಕ ಕೆಂಪಗೆ ಕಾಣೋದೇ ನಮ್ ಹೊಲ. ಮಂದೆ ಹಾಕ್ಬುಡು" ಎಂದು ಹೇಳಿ, ಅಪ್ಪ ನಮ್ಮನ್ನೆಲ್ಲ ಕಟ್ಟಿಕೊಂಡು ಕುಣಿಗಲ್‌ಗೆ, ಅವ್ವನ ತವರಿನಲ್ಲಿದ್ದ ನಾಮಕರಣಕ್ಕೆ ಹೊರಟ.

ವಾಪಸ್ ಬಂದು ನೋಡಿದರೆ ಹೊಲದಲ್ಲಿ ಒಂದು ಹಿಕ್ಕೆಯೂ ಇಲ್ಲ. ಚಿಕ್ಕಣ್ಣ ಮಾತ್ರ ಮಂದೆಯ ಕೂಲಿ ರಾಗಿಗೆ ಕಾಯುತ್ತ ನಮ್ಮ ಜಗಲಿ ಮೇಲೆ ಕೂತಿದ್ದ.

"ಎಲ್ಲಿ ಹಾಕ್ದೆ ಅಣ್ಣ ಮಂದೆಯ?" ಎಂದಳು ಅವ್ವ.

"ಮೇಲ್ಗಡೆ ಕೆಂಪು ಹೊಲದಾಗೆ ಕಣಕ್ಕ. ಕೆಂಪಗಿದ್ದಿದ್ದು ಅದೊಂದೇ."

ಗಣಿ ಗುಡ್ಡೆಯ ಮೆಟ್ಟಿಲು! ಬದು ಹಾಕಿದ್ದರಿಂದ ಅದೂ ಅವನ ಕಣ್ಣಿಗೆ ಹೊಲದ ಹಾಗೆಯೇ ಕಂಡಿತ್ತು. ನಾವು ಕೆರೆದು ಕಪ್ಪಾಗಿಸಿದ ಹೊಲ ಯಾರದೋ ಅಂದುಕೊಂಡಿದ್ದ.

"ಹೊಳೇಲಿ ಹುಣಸೆಹಣ್ಣು ಕಿವುಚ್ದಂಗಾಯ್ತು" ಎಂದು ಅವ್ವ ಅಪ್ಪನ ಮುಖ ನೋಡಿದಳು. ಚಿಕ್ಕಣ್ಣನಿಗೆ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿ, ರಾಗಿಯನ್ನೂ ಕೊಟ್ಟು ಕಳಿಸಿದಳು. ಅಪ್ಪನನ್ನು ಆ ದಿನ ಊಟಕ್ಕೆ ಕರೆಯಲಿಲ್ಲ.

ಮಳೆ ಶುರುವಾಗಿ ಹದಿನೈದು ದಿನ ಆಗಿತ್ತು. ಚೀಲ ಹಿಡಿದು ಓಡಿದ ನಾವು ಗುಡ್ಡೆಯ ಬುಡದಲ್ಲೇ ನಿಂತೆವು. ಮಂದೆ ಹಾಕಿದ್ದ ಮೆಟ್ಟಿಲ ತುಂಬ ಹುಲ್ಲು, ನಡುನಡುವೆ ಜಾಲಿ ಮೊಳಕೆ. ಕುರಿಗಳು ದಾರಿಯುದ್ದಕ್ಕೂ ಜಾಲಿಕಾಯಿ ತಿಂದು, ಬೀಜವನ್ನೆಲ್ಲ ಹಿಕ್ಕೆಯಲ್ಲಿ ಅಲ್ಲಿಗೆ ತಂದಿದ್ದವು. ಆ ಮಳೆಗಾಲ ಹೊಲದ ಒಂದು ಪಕ್ಕ ಎಂದಿನಂತೆ ಕೆಸರು ಇಳಿಯಿತು. ಆ ಮೆಟ್ಟಿಲಿನ ನೇರಕ್ಕಿದ್ದ ಹೊಲಕ್ಕೆ ಮಾತ್ರ ಹುಲ್ಲು ಅದನ್ನು ಇಳಿಯಗೊಡಲಿಲ್ಲ. ಅಲ್ಲಿ ನಿಂತ ರಾಗಿ ನಮ್ಮ ಸೊಂಟ ಮುಟ್ಟುತ್ತಿತ್ತು.

"ಇನ್ಮೇಲೆ ಯಾರಾದ್ರೂ ಅಲ್ಲಿ ಜಾರಿದ್ರೆ ಕಾಲು ಮುರೀತೀನಿ" ಎಂದು ಅವ್ವ ಚೀಲಗಳನ್ನು ಕಿತ್ತುಕೊಂಡಳು.

ಮರುವರ್ಷ ಚಿಕ್ಕಣ್ಣ ಹೆದರುತ್ತಲೇ ಬಂದ. ಅವ್ವ ಹೊಲಕ್ಕೂ ಮಂದೆ ಹಾಕಿಸಿ, ಮೊಳಕೆಯಿದ್ದ ಮೆಟ್ಟಿಲು ಬಿಟ್ಟು ಅದರ ಮೇಲಿನದನ್ನು ತೋರಿಸಿದಳು. "ಅಣ್ಣ, ಅಲ್ಲಿ ಈ ಸಲಾನೂ ತಪ್ಪು ಮಾಡ್ಬುಡು."

ಹೀಗೆ ವರ್ಷಕ್ಕೊಂದು ತಪ್ಪಿನಂತೆ ಗುಡ್ಡೆ ಹಸಿರಾಯಿತು. ಹೆಸರು ಮಾತ್ರ ಚಿಕ್ಕಣ್ಣ ಕರೆದಂತೆ ಕೆಂಪು ಹೊಲ ಎಂದೇ ನಿಂತಿತು. ಜಾಲಿಯ ನೆರಳಲ್ಲಿ ತಂಗಡಿ ಬಂತು, ಹೊಂಗೆ ಬಂತು, ಹಕ್ಕಿ ಬಂದವು. ಹೊಲ ಉಳಿಯಿತು.

ನಾನೀಗ ಪಟ್ಟಣದಲ್ಲಿ, ಬಟವಾಡಿಯ ಬಾಡಿಗೆ ಮನೆಯಲ್ಲಿದ್ದೇನೆ. ಮೊನ್ನೆ ಊರಿಗೆ ಹೋದಾಗ ಅಣ್ಣನ ಮಗಳಿಗೆ ಅವ್ವ ಹೇಳುತ್ತಿದ್ದಳು, "ಕೆಂಪು ಹೊಲದಲ್ಲಿ ಮುಳ್ಳವೆ, ಚಪ್ಪಲಿ ಹಾಕ್ಕೊಂಡ್ ಹೋಗು ಕಣೇ."

"ಕೆಂಪು ಎಲ್ಲೈತಜ್ಜಿ?" ಎಂದು ಕೇಳಿತು ಮಗು.

ಜಾರುಬಂಡೆ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಬೇಸರವಿರುವುದು ಮಂದೆ ಇಲ್ಲವಾದದ್ದಕ್ಕೆ. ದಾರಿಯ ಹೊಲಗಳೆಲ್ಲ ಸೈಟಾಗಿ, ತಂತಿಬೇಲಿ ಬಿದ್ದು, ಚಿಕ್ಕಣ್ಣನ ಕುರಿಗಳು ಈ ಕಡೆ ಬರುವುದು ನಿಂತು ಎಷ್ಟೋ ಬೇಸಿಗೆ ಆಯಿತು. ಪಕ್ಕದೂರಿನ ಗಣಿ ಗುಡ್ಡೆ ಇನ್ನೂ ಕೆಂಪಗೇ ಇದೆ. ಅಲ್ಲಿ ತಪ್ಪು ಮಾಡುವುದಕ್ಕಾದರೂ ಒಂದು ಮಂದೆ ಬೇಕಲ್ಲ.