ಆಕಾಶದಲ್ಲಿ ತೆರೆದುಕೊಂಡ ಗಾಜು

ವಿಮಾನದಿಂದ ಹಾರಿದ್ದೆ, ಪ್ಯಾರಾಚೂಟ್ ಇನ್ನೂ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಹೆಲ್ಮೆಟ್ಟಿನ ಮುಖದ ಗಾಜು ಫಟ್ಟನೆ ತೆರೆದುಕೊಂಡಿತು. ಅದರ ಕೊಂಡಿ ಸರಿಯಾಗಿ ಕೂತಿರಲಿಲ್ಲ. ಗಾಳಿ ರಾಚಿ ಕಣ್ಣಲ್ಲಿ ನೀರು ತುಂಬಿ ನೆಲವೇ ಕಾಣದಾಯಿತು. ಎಡಗೈಯಿಂದ ಗಾಜನ್ನು ಒತ್ತಿ ಹಿಡಿಯಹೋದರೆ ಮೈ ಗಿರ್ರನೆ ತಿರುಗತೊಡಗಿತು. ಆ ಕೈ ಬಿಟ್ಟು, ಕಣ್ಣು ಮುಚ್ಚಿಕೊಂಡೇ ಪ್ಯಾರಾಚೂಟಿನ ಹಿಡಿ ಎಳೆದೆ.

ಹೇಗೋ ಇಳಿದೆ. ಮೈದಾನದಲ್ಲಿ ನನ್ನ ಜೊತೆ ಹಾರಿದ ಉಳಿದವರನ್ನು ಅವರವರ ಮನೆಯವರು ತಬ್ಬಿಕೊಳ್ಳುತ್ತಿದ್ದರು. ನಾನೊಬ್ಬಳೇ ಬ್ಯಾಗು ಹೊತ್ತು ಊರಿನ ಬಸ್ಸು ಹತ್ತಿದೆ.

ಮರುದಿನ ಕಡಲತಡಿಯ ನಮ್ಮೂರು ಕೋಡಿಯಲ್ಲಿ, ಮನೆಯಂಗಳದಲ್ಲಿ ಮೀನು ಒಣಗಿಸುತ್ತಿದ್ದ ಅಮ್ಮ, "ಕಣ್ಣೆಂತಕ್ ಕೆಂಪಾಯ್ತ್ ಮಗಾ, ಮರ್ಕಿದ್ಯಾ?" ಎಂದು ಕೇಳಿದಳು. ಅತ್ತಿಲ್ಲವೆಂದು ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟು, "ಬೀಳ್ವತಿಗೆ ಯಾರನ್ನ್ ಕರ್ದೆ?" ಎಂದಳು.

"ಯಾರನ್ನೂ ಇಲ್ಲೆ ಅಮ್ಮ. ಕರ್ದ್ರೂ ಯಾರಿಗ್ ಕೇಣತ್ತ್?" ಎಂದೆ.

ಅಮ್ಮ ತಲೆ ತಗ್ಗಿಸಿ ಮತ್ತೆ ಮೀನು ತಿರುವಿ ಹಾಕತೊಡಗಿದಳು.

ನಾನು ಚಿಕ್ಕವಳಿದ್ದಾಗ ಅಪ್ಪ ದೋಣಿ ಮಗುಚಿ ಕಡಲಿಗೆ ಬಿದ್ದು ತೀರಿಹೋದ. ಅಮ್ಮ ಆ ಪ್ರಶ್ನೆ ಕೇಳಿದ್ದು ನನ್ನನ್ನಲ್ಲ ಎಂದು ಆಮೇಲೆ ಹೊಳೆಯಿತು. ಉತ್ತರ ಮಾತ್ರ ನಾನು ಕೊಟ್ಟುಬಿಟ್ಟಿದ್ದೆ.