ಎರಡು ಸಲ ಬರೆದ ಬೀರಪ್ಪ

ಉಟಗಿಯ ಶಾಲೆಯಲ್ಲಿ ನಾನು ಮಾಸ್ತರನಾಗಿದ್ದಾಗ ಪಕ್ಕದ ಖೋಲಿಯಲ್ಲಿ ಊರಿನ ದಫ್ತರ ನೋಡುವ ತಲಾಠಿ ಇದ್ದರು. ಬೀಗ ಹಾಕಿ ಹೊರಟವರು ತಿರುಗಿ ಬಂದು ಅದನ್ನು ಜಗ್ಗಿ ನೋಡುವ ಮನುಷ್ಯ. "ತಡೀರಿ, ಇನ್ನೊಮ್ಮಿ ನೋಡೂಣು" ಎಂಬುದು ಸದಾ ಅವರ ಬಾಯಲ್ಲಿ.

ಎಪ್ಪತ್ತರ ದಶಕದ ಮೊದಲಲ್ಲಿ, ಎರಡೆರಡು ಸಲ ಬರೆದ ಹೆಸರುಗಳನ್ನು ತೆಗೆಯಿರಿ ಎಂದು ತಾಲೂಕಿನಿಂದ ಹುಕುಂ ಬಂತು. ಊರಿನ ಜನರ ಹೆಸರಿನ ಯಾದಿಯಲ್ಲಿ ಹೊಡೆದುಹಾಕಿದ ಹೆಸರನ್ನು ರೇಶನ್ ಪುಸ್ತಕದಲ್ಲೂ ಹೊಡೆಯಬೇಕು. ಅಲ್ಲಿ ಹೊಡೆದರೆ ಆ ಬಾಯಿಗೆ ಜೋಳವಿಲ್ಲ. ನಾನು ಓದುತ್ತಿದ್ದೆ, ಅವರು ಕೆಂಪು ಗೀಟು ಎಳೆಯುತ್ತಿದ್ದರು. ಕುರಿ ಸಾಕುವವರ ಒಂದು ಮನೆಯಲ್ಲಿ 'ಬೀರಪ್ಪ, ಮೊಮ್ಮಗ' ಎಂದು ಎರಡು ಸಲ ಇತ್ತು, ವಯಸ್ಸೂ ಒಂದೇ. ಯಾದಿಯಲ್ಲಿ ಗೀಟು ಬಿತ್ತು. ರೇಶನ್ ಪುಸ್ತಕ ತೆರೆದವರು ಗೀಟು ಎಳೆಯದೆ ಪೆನ್ನು ಕೆಳಗಿಟ್ಟರು. "ತಡೀರಿ" ಎಂದವರೇ ಚಪ್ಪಲಿ ಮೆಟ್ಟಿ ಹೊರಟರು. ನಾನೂ ಹಿಂದೆ ಹೋದೆ.

ಆ ಮನೆಯ ಅಜ್ಜಿ ಇಬ್ಬರು ಹುಡುಗರನ್ನು ತಂದು ನಿಲ್ಲಿಸಿದಳು. ತೀರಿಹೋದ ಅಪ್ಪನ ಹೆಸರನ್ನು ಅವಳ ಇಬ್ಬರು ಗಂಡುಮಕ್ಕಳೂ ತಮ್ಮ ತಮ್ಮ ಮಗನಿಗೆ ಇಟ್ಟಿದ್ದರು.

"ನಮ್ಮ ಯಜಮಾನ್ರ ಹೆಸರ್ರೀ ಅದು. ಇಬ್ರೊಳಗ ಯಾರನ್ನ ತಗೀತೀರಿ, ಸಾಹೇಬ್ರ?"

ತಲಾಠಿ ಇಬ್ಬರ ತಲೆಯನ್ನೂ ಮುಟ್ಟಿ ನೋಡಿದರು.

ಹೊಡೆದ ಹೆಸರನ್ನು ಮರಳಿ ಬರೆದರೂ ಅವರಿಗೆ ಸಮಾಧಾನವಾಗಲಿಲ್ಲ. ಆಮೇಲೆ ಸಂಜೆ ಆ ಮನೆಯ ಮುಂದೆ ಹಾಯುವಾಗಲೆಲ್ಲ "ಬೀರಪ್ಪಾ" ಎಂದು ಕೂಗುತ್ತಿದ್ದರು. ಒಳಗಿನಿಂದ ಎರಡು "ಓ" ಬಂದರೆ ಮುಂದೆ ನಡೆಯುತ್ತಿದ್ದರು. ಒಂದೇ ಬಂದರೆ, ಅಲ್ಲೇ ನಿಂತು ಇನ್ನೊಮ್ಮೆ ಕೂಗುತ್ತಿದ್ದರು.